ಕಡಲಲ್ಲಿ ಲಿಂಗ ಕಳೆದುಕೊಂಡ ಜಗದಾಂಬಾ

ಭದ್ರಾವತಿ ನ್ಯೂ ಟೌನಿನ ಜಗದಾಂಬಾ ಗಂಡನ ಜೊತೆ ಮಜಾ ಮಾಡಲು ಹೋಗಿ ಕೊರಳ ಲಿಂಗವನ್ನೇ ಸಮುದ್ರಕ್ಕೆ ಎಸೆದು ಬಂದಳು ಎಂದು ಇಲ್ಲಿಂದ ಶಿವಮೊಗ್ಗದವರೆಗೆ ಹೇಳಿಕೊಂಡು ತಿರುಗುವವರಿದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳುತ್ತಾರೆ. ಹೇಳುವಾಗ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ಬಡಿದುಕೊಂಡ ಆ ಕೈಯನ್ನು ಹಾಗೇ ಒಂದು ಗೇಣು ಕೆಳಗಿಳಿಸಿ ತಮ್ಮ ಎದೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಲಿ. ಅಲ್ಲಿ ಲಿಂಗವಿದೆಯೋ, ಬರೀ ಪೆನ್ನು ಮೊಬೈಲು ಇವೆಯೋ ಖಾತ್ರಿ ಮಾಡಿಕೊಂಡ ಮೇಲೆ ಮಾತು ಮುಂದುವರಿಸಲಿ.

ಎಸೆದಳು ಎನ್ನುವುದು ಶುದ್ಧ ಸುಳ್ಳು. ಕಳೆಯಿತು. ಹೇಗೆ ಕಳೆಯಿತು, ಕಳೆದ ಮೇಲೆ ನಮ್ಮ ದೊಡ್ಡ ಮನುಷ್ಯರು ಅವಳನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಯಾರಾದರೂ ನೆಟ್ಟಗೆ ಬರೆಯಬೇಕು.

ಜಗದಾಂಬಾ ಐವತ್ತು ದಾಟಿದ ಹೆಂಗಸು. ಚನ್ನಗಿರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಶಂಕರಘಟ್ಟದಲ್ಲಿ ಯೂನಿವರ್ಸಿಟಿ ಹುಡುಗಿಯರು ಇರುವ ಒಂದು ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಾಳೆ. ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಅಷ್ಟರೊಳಗೆ ಸ್ನಾನ ಮುಗಿದು, ಹಣೆಗೆ ವಿಭೂತಿ ಬಿದ್ದು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಆಗಿರಬೇಕು. ಪೂಜೆಯಾಗದೆ ಅವಳು ಬಾಯಿಗೆ ಒಂದಗುಳು ಹಾಕುವುದಿಲ್ಲ. ಚಿಕುನ್‌ಗುನ್ಯಾ ಬಂದು ಬೆರಳು ಬಿಡಿಸಲಾಗದೆ ಮಲಗಿದ್ದಾಗಲೂ ಗಂಡನಿಂದ ಅಂಗೈ ಬಿಡಿಸಿಕೊಂಡು ಲಿಂಗ ಇಡಿಸಿಕೊಂಡಿದ್ದಾಳೆ. ಹಾಗೆಂದು ಯಾರಿಗೂ ಉಪದೇಶ ಮಾಡಿದವಳಲ್ಲ. ಪಿ.ಜಿ. ಹುಡುಗಿಯರು ಕೇಳಿದರೆ, "ನಂಗೆ ಅಭ್ಯಾಸ ಕಣ್ರೇ, ನಿಮಗೆ ಎದ್ದ ಕೂಡ್ಲೇ ಫೋನ್ ನೋಡ್ಬೇಕಲ್ಲ, ಹಂಗೆ" ಎಂದು ನಕ್ಕುಬಿಡುವಳು.

ಗಂಡ ಓಂಕಾರಪ್ಪನದು ನ್ಯೂ ಟೌನಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾನೆ. ಮಾತು ಕಮ್ಮಿ. ಅಣ್ಣ ಏಕಾಂತಪ್ಪನ ಎದುರಿಗಂತೂ ಇಲ್ಲವೇ ಇಲ್ಲ. ಏಕಾಂತಪ್ಪ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಸಾಹುಕಾರ, ರವೀಂದ್ರನಗರದಲ್ಲಿ ಮೂರಂತಸ್ತಿನ ಮನೆ, ಸಮಾಜದ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ.

ಈ ಗಂಡಹೆಂಡಿರಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಅವರು ತಿರುಗದ ದೇವಸ್ಥಾನವಿಲ್ಲ, ಕಟ್ಟದ ಹರಕೆಯಿಲ್ಲ. ಹೋದಲ್ಲೆಲ್ಲ ಬೇಡಿದರು. ಬೇಡುವ ವಯಸ್ಸು ಮುಗಿದ ಮೇಲೆ ಹೋಗುವುದನ್ನೇ ಬಿಟ್ಟರು. ಏನನ್ನೂ ಬೇಡದೆ ಊರು ಬಿಟ್ಟು ಹೋಗುವುದು ಎಂಬುದೊಂದಿದೆ ಅಂತ ಅವರಿಗೆ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದ್ದು ಪಿ.ಜಿ.ಯ ಕವನಾ ಎಂಬ ಹುಡುಗಿ. ಈ ವರ್ಷ ಎಂ.ಎ. ಪರೀಕ್ಷೆ ಮುಗಿಸಿ ರೂಮು ಖಾಲಿ ಮಾಡುವಾಗ ಬೆನ್ನಿಗೆ ಹಾಕುವ ಎರಡು ಚೀಲಗಳನ್ನು ಜಗದಾಂಬಾಳ ಕೈಗೆ ಕೊಟ್ಟಳು.

"ಆಂಟಿ, ಒಂದು ನಿಮಗೆ, ಒಂದು ಅಂಕಲ್‌ಗೆ. ರಜೇಲಿ ಗೋಕರ್ಣಕ್ಕೆ ಹೋಗಿ ಸಮುದ್ರ ನೋಡ್ಕೊಂಡ್ ಬನ್ನಿ."

"ಅಲ್ಲಿಗೋಗಿ ಬೇಡ್ಕೊಳ್ಳೋದು ಏನೂ ಉಳಿದಿಲ್ಲ ಕಣೇ."

"ಬೇಡ್ಕೊಳ್ಳೋಕಲ್ಲ ಆಂಟಿ. ಸುಮ್ನೆ."

"ಸುಮ್ನೆ ಯಾರಾದ್ರೂ ಹೋಗ್ತಾರೇನೇ ಮಾರಾಯ್ತಿ?"

"ನಾವೆಲ್ಲ ಹೋಗ್ತೀವಲ್ಲ. ಒಂದ್ಸಲ ನೀರಲ್ಲಿ ಕೂತು ನೋಡಿ, ಆಮೇಲೆ ಬೈರಿ ನನ್ನ."

ಮೇ ತಿಂಗಳು. ಪಿ.ಜಿ. ಬಾಗಿಲು ಹಾಕಿತ್ತು. ಜಗದಾಂಬಾ ಗಂಡನಿಗೆ ಗಂಟುಬಿದ್ದಳು. ಬೇಸಿಗೆಯೆಂದರೆ ಪಂಪ್‌ಸೆಟ್ಟುಗಳು ಸುಡುವ ಕಾಲ, ಅವನಿಗೆ ಕೈತುಂಬ ಕೆಲಸ. ಆದರೂ ಒಪ್ಪಿದ. ಒಪ್ಪಿದ್ದೇ ತಡ, ಓಣಿಗೆ ಓಣಿಯೇ ಎದ್ದು ಕೂತಿತು. ಬೆನ್ನಿಗೆ ಚೀಲ ಏರಿಸಿಕೊಂಡು ಇಬ್ಬರೂ ಬಸ್‌ ನಿಲ್ದಾಣದ ಕಡೆ ಹೊರಟಾಗ ಪಕ್ಕದ ಅಂಗಡಿಯ ಪುಟ್ಟಣ್ಣ ಕೂಗಿ ಹೇಳಿದ:

"ಏನ್ ಓಂಕಾರಪ್ಪ, ಈ ವಯಸ್ಸಲ್ಲಿ ಇಬ್ರೂ ಇಸ್ಕೂಲಿಗೆ ಸೇರಿದ್ರಾ? ಟಿಫಿನ್ ಬಾಕ್ಸ್ ಮರೀಬೇಡ್ರೋ!"

ನಾಲ್ಕು ಜನ ನಕ್ಕರು. ಕಾಶಿಗೆ ಹೊರಟಿದ್ದರೆ ಇದೇ ಪುಟ್ಟಣ್ಣ ಕಾಲಿಗೆ ಬೀಳುತ್ತಿದ್ದ. ನಮ್ಮಲ್ಲಿ ಐವತ್ತು ದಾಟಿದ ಹೆಂಗಸು ಮನೆ ಬಿಟ್ಟು ಹೊರಡಲು ಮೂರೇ ಕಾರಣಗಳುಂಟು: ದೇವರು, ಮದುವೆ, ಸಾವು. ನಾಲ್ಕನೆಯದೊಂದು ಕಾರಣ ಇಟ್ಟುಕೊಂಡರೆ ಅವಳಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ನಡತೆ.

ಗೋಕರ್ಣದಲ್ಲಿ ಬಸ್ಸಿಳಿದ ಮೇಲೂ ಅದೇ ಕಥೆ. ಲಾಡ್ಜೊಂದರ ಕೌಂಟರಿನಲ್ಲಿ ಕೂತವನು ತಲೆ ಎತ್ತದೆ ಕೇಳಿದ:

"ಎಂತ ಪೂಜೆ?"

"ಪೂಜೆ ಇಲ್ಲ," ಎಂದ ಓಂಕಾರಪ್ಪ.

"ಪಿತೃಕಾರ್ಯವಾ?"

"ಅಲ್ಲ."

"ಹಾಗಾದ್ರೆ ಬಂದದ್ದು ಎಂತಕ್ಕೆ?"

"ಸುಮ್ನೆ. ಸಮುದ್ರಕ್ಕೆ."

ಆಗ ತಲೆ ಎತ್ತಿದ. ಚೀಲ ನೋಡಿದ, ಜಗದಾಂಬಾಳ ತಾಳಿ ನೋಡಿದ, ಇಬ್ಬರ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ವಿಳಾಸ ತಾಳೆ ನೋಡಿದ. "ಗಂಡ ಹೆಂಡ್ತಿಯೇ ಅಲ್ವಾ?" ಎಂದ.

"ನಿಮ್ಮ ಲಾಡ್ಜ್ ಕಟ್ಟೋಕೆ ಮುಂಚಿಂದ್ಲೂ," ಎಂದಳು ಜಗದಾಂಬಾ. ಕಾರ್ಡು ಎಳೆದುಕೊಂಡು ಹೊರಗೆ ಬಂದಳು. ಕುಡ್ಲೆ ಬೀಚಿನಲ್ಲಿ ಹುಡುಗರು ಉಳಿಯುವ ತಟ್ಟಿ ಗುಡಿಸಲೊಂದನ್ನು ಹಿಡಿದರು. ಅಲ್ಲಿ ಯಾರೂ ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗುಡಿಸಲ ಮುಂದೆ ಮರಳಲ್ಲಿ ಕೂತು ಅವಳು ಲಿಂಗಪೂಜೆ ಮಾಡಿದಳು. ಪಕ್ಕದ ಗುಡಿಸಲಿನ ಹುಡುಗನೊಬ್ಬ ಅದನ್ನು ಯೋಗ ಎಂದುಕೊಂಡು ಫೋಟೊ ತೆಗೆಯಲಾ ಎಂದು ಕೇಳಿದ. ಬೇಡಪ್ಪ ಎಂದಳು. ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಮುಚ್ಚಿ ಕೊರಳಿಗೆ ಹಾಕಿಕೊಂಡಳು. ಓಂಕಾರಪ್ಪ, "ನೀರಿಗಿಳಿಯೋವಾಗ ತೆಗ್ದು ಚೀಲದಲ್ಲಿಡೇ" ಎಂದ. ಅವನದು ಊರಲ್ಲೇ ಉಳಿದಿತ್ತು, ಕರೆಂಟಿನ ಕೆಲಸಕ್ಕೆ ಬೆಳ್ಳಿ ಆಗದು ಎಂದು ಎಷ್ಟೋ ವರ್ಷದ ಹಿಂದೆ ತೆಗೆದಿಟ್ಟದ್ದು. "ಇದನ್ನ ಬಿಟ್ಟು ನಾನು ಸ್ನಾನಕ್ಕೂ ಹೋದೋಳಲ್ಲ. ಸಮುದ್ರ ಕಂಡೆ ಅಂತ ಬಿಡ್ಲಾ?" ಎಂದಳು.

ಕೂತರೆ ನೀರು ಸೊಂಟಕ್ಕೆ ಬರುವಷ್ಟು ದೂರದಲ್ಲಿ ಇಬ್ಬರೂ ಕೈ ಹಿಡಿದು ಕೂತರು. ಅಲೆ ಬಂದಾಗ ಸೀರೆ ಉಬ್ಬಿ ಮೇಲೆದ್ದು, ಹೋಗುವಾಗ ಮೈಗೆ ಅಂಟುತ್ತಿತ್ತು. ಬಾಯಿಗೆ ನೀರು ಹೋಗಿ, "ಥೂ, ಉಪ್ಪು ಜಾಸ್ತಿ ಮಾಡಿದಾನ್ರೀ ಅಡಿಗೆಭಟ್ಟ!" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಓಂಕಾರಪ್ಪ ನನಗೆ ಇದನ್ನು ಹೇಳುವಾಗ, ಹಾಗೆ ನಗುವುದನ್ನು ಮದುವೆಯಾದ ಹೊಸದರಲ್ಲಿ ನೋಡಿದ್ದು ಎಂದ. ಒಂದು ದೊಡ್ಡ ಅಲೆ ಇಬ್ಬರನ್ನೂ ಉರುಳಿಸಿತು. ಎದ್ದು ಮುಖ ಒರೆಸಿಕೊಂಡು ಎದೆ ಮುಟ್ಟಿಕೊಂಡಳು. ಕರಡಿಗೆಯಿಲ್ಲ, ದಾರವೂ ಇಲ್ಲ.

ಇಬ್ಬರೂ ಮೊಣಕಾಲೂರಿ ಮರಳು ಬಗೆದರು. ಕೂಗಾಟ ಕೇಳಿ ಹುಡುಗರು ಓಡಿ ಬಂದರು. ಈಜುವ ಕನ್ನಡಕ ಹಾಕಿಕೊಂಡು ಮುಳುಗಿ ಹುಡುಕಿದರು. ಅವರಿಗೆ ಜಗದಾಂಬಾ ಯಾರೂ ಅಲ್ಲ. ಒಬ್ಬ ಕೇಳಿದ, "ಎಷ್ಟು ಗ್ರಾಂ ಬೆಳ್ಳಿ ಆಂಟಿ?"

"ಬೆಳ್ಳಿ ಹೋಗ್ಲಿ ಬಿಡಪ್ಪ. ಒಳಗಡೆ ಇರೋದು ಬೇಕು."

ಬಿಸಿಲೇರುವವರೆಗೆ ಹುಡುಕಿದರು. ಸಿಗಲಿಲ್ಲ. ಆಗ ಓಂಕಾರಪ್ಪ ಮರಳಲ್ಲಿ ಕುಸಿದು ಕೂತ. ಅವನಿಗೆ ಅರ್ಥವಾಗಿತ್ತು. ಹೊರಡುವ ಹಿಂದಿನ ಸಂಜೆ ಅವಳ ಹಳೆಯ ಶಿವದಾರ ಸವೆದಿದೆ ಎಂದು ಅದನ್ನು ಬಿಚ್ಚಿ ಹೊಸದು ಕಟ್ಟಿದ್ದು ಅವನೇ. ಪೇಟೆಗೆ ಹೋಗಿ ಹತ್ತಿಯ ದಾರ ತರುವ ಬದಲು ಅಂಗಡಿಯಲ್ಲಿದ್ದ ನೈಲಾನ್ ದಾರ ಹಾಕಿದ್ದ. ಮೋಟಾರಿನ ಸುರುಳಿಗಳನ್ನು ಬಿಗಿಯುವ ದಾರ, ಜಗ್ಗಿದರೂ ಹರಿಯದು. ಗಂಟನ್ನೂ ಸುರುಳಿಗೆ ಹಾಕುವ ಹಾಗೆಯೇ ಹಾಕಿದ್ದ. ಮೋಟಾರಿನಲ್ಲಿ ಆ ಗಂಟು ನಿಲ್ಲುವುದು ಮೇಲೆ ವಾರ್ನಿಷ್ ಹುಯ್ದು ಒಣಗಿಸುವುದರಿಂದ. ಹೆಂಡತಿಯ ಕೊರಳಿಗೆ ಯಾರು ವಾರ್ನಿಷ್ ಹುಯ್ಯುತ್ತಾರೆ? ನುಣ್ಣನೆಯ ದಾರ, ಒದ್ದೆಯಾಗಿ ಅಲೆ ಜಗ್ಗಿದೊಡನೆ ಜಾರಿತ್ತು. ಹೀಗೊಂದು ತಪ್ಪನ್ನು ಮೋಟಾರ್ ಕಟ್ಟುವವನು ಮಾತ್ರ ಮಾಡಬಲ್ಲ.

"ಗಂಟು ನಂದು ಕಣೇ," ಎಂದ.

"ಯಾರ ಮುಂದೂ ಹೇಳ್ಬೇಡಿ," ಎಂದಳು ಅವಳು. "ನಿಮ್ಮಣ್ಣ ನಿಮ್ಮನ್ನ ಹುರಿದು ಮುಕ್ತಾರೆ."

ಅವತ್ತಿನಿಂದ ಅವಳು ಉಣ್ಣುವುದನ್ನು ಬಿಟ್ಟಳು. ಹಟಕ್ಕಲ್ಲ. ಪೂಜೆಯಿಲ್ಲದೆ ಊಟವಿಲ್ಲ, ಲಿಂಗವಿಲ್ಲದೆ ಪೂಜೆಯಿಲ್ಲ. ಹಾಲು ಕುಡಿದಳು, ಬಾಳೆಹಣ್ಣು ತಿಂದಳು, ಅಷ್ಟೆ. ಇದೇನು ತೀರದ ತಾಪತ್ರಯವಲ್ಲ. ಕಳೆದವರಿಗೆ ಅಯ್ಯನವರು ಹೊಸ ಲಿಂಗ ಕೊಟ್ಟು ಧಾರಣೆ ಮಾಡಿಸುವುದು ಇದ್ದೇ ಇದೆ. ಒಂದು ಬೆಳಗಿನ ಕೆಲಸ. ಹಾಗೆಂದುಕೊಂಡೇ ಓಂಕಾರಪ್ಪ ಗೋಕರ್ಣದಿಂದ ಅಣ್ಣನಿಗೆ ಫೋನು ಮಾಡಿ, ಮನೆತನದ ಅಯ್ಯನವರಾದ ವೀರಭದ್ರಯ್ಯನವರಿಗೆ ಒಂದು ಮಾತು ಹೇಳಿಡು ಎಂದು ಕೇಳಿಕೊಂಡ. ಅಣ್ಣ ಹೇಳಿದ, ಅಯ್ಯನವರಿಗೆ ಮಾತ್ರ ಅಲ್ಲ. ಇವರು ಊರು ಮುಟ್ಟುವಷ್ಟರಲ್ಲಿ ಸುದ್ದಿ ಇವರಿಗಿಂತ ಮೊದಲು ಬಸ್ಸಿಳಿದಿತ್ತು.

ವೀರಭದ್ರಯ್ಯನವರ ಮನೆಗೆ ಹೋದರೆ, "ಕೊಡೋದೇನೂ ದೊಡ್ಡ ವಿಷಯ ಅಲ್ಲವ್ವ. ಹಿರೇರು ಒಪ್ಪಬೇಕಲ್ಲ" ಎಂದರು. ಅವರ ಮಠದ ಸಮುದಾಯ ಭವನಕ್ಕೆ ಚಾವಣಿ ಹಾಕಿಸಿಕೊಟ್ಟದ್ದು ಏಕಾಂತಪ್ಪ. ಹಿರಿಯರು ಅಂದರೆ ಯಾರು ಎಂದು ಬೇರೆ ಬಿಡಿಸಿ ಹೇಳಬೇಕೆ? ಹಿರಿಯರು ಇವತ್ತು ಮಂಡಿಯಲ್ಲಿದ್ದೇನೆ ಎಂದರು, ನಾಳೆ ಬಾ ಎಂದರು, ನಾಳೆ ಬೇರೆ ಊರಿನಲ್ಲಿದ್ದರು. ಆ ಹೆಂಗಸು ಉಣ್ಣುತ್ತಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಮುಂದೂಡಿದರು. ಇನ್ನೊಬ್ಬರ ನಿಷ್ಠೆಯನ್ನೇ ಹಗ್ಗ ಮಾಡಿ ಅವರ ಕುತ್ತಿಗೆಗೆ ಹಾಕಿ ಜಗ್ಗುವುದಕ್ಕೆ ನಮ್ಮಲ್ಲಿ ಹಿರಿತನ ಎಂದು ಹೆಸರು.

ಕೊನೆಗೆ ಒಂದು ಬೆಳಿಗ್ಗೆ ರವೀಂದ್ರನಗರದ ಮನೆಗೆ ಕರೆ ಬಂತು. ಏಕಾಂತಪ್ಪ, ಅಯ್ಯನವರು, ಸಂಬಂಧದ ನಾಲ್ಕು ಗಂಡಸರು ಸೋಫಾದ ಮೇಲೆ. ಜಗದಾಂಬಾಳಿಗೆ ವರಾಂಡದಲ್ಲಿ, ಹೊಸ್ತಿಲಾಚೆ, ಪ್ಲಾಸ್ಟಿಕ್ ಕುರ್ಚಿ. ಓಂಕಾರಪ್ಪನನ್ನು ಒಳಗೆ ಕರೆದು ಕೂರಿಸಿದರು. ಏಕಾಂತಪ್ಪನ ಹೆಂಡತಿ ನೀಲಮ್ಮ ಒಂದು ಲೋಟ ಹಾಲು ಹಿಡಿದು ಹೊರಗೆ ಬರಲು ಹೋದರೆ, "ಆಮೇಲೆ ಕೊಡುವಂತೆ, ಒಳಗೋಗು" ಎಂದು ಗಂಡ ಗದರಿದರು.

"ಏನಮ್ಮ, ಅಷ್ಟು ದೂರ ಹೋಗಿ ದೇವರ ದರ್ಶನ ಆದ್ರೂ ಮಾಡಿದ್ಯಾ?" ಏಕಾಂತಪ್ಪ ಶುರು ಮಾಡಿದರು.

"ಇಲ್ಲ ಭಾವ."

"ಮತ್ತೆ? ಹುಡುಗ್ರ ಜೊತೆ ಕುಣಿಯಕ್ಕೆ ಹೋಗಿದ್ದಾ?"

"ಕುಣಿಯಕ್ಕೆ ನಂಗೆ ಬರಲ್ಲ ಭಾವ. ನೀರಲ್ಲಿ ಕೂತಿದ್ದೆ."

ಒಬ್ಬ ಗಂಡಸು ಕಿಸಕ್ಕನೆ ನಕ್ಕ. ಏಕಾಂತಪ್ಪನ ಮುಖ ಬಿಗಿಯಿತು. "ನಗೋ ವಿಷಯ ಅಲ್ಲ ಇದು. ನಮ್ಮ ಮನೆತನದಲ್ಲಿ ಲಿಂಗ ಕಳ್ಕೊಂಡವರು ಅಂತ ಯಾರೂ ಇರಲಿಲ್ಲ."

ಇರಲು ಹೇಗೆ ಸಾಧ್ಯ? ಕಟ್ಟಿಕೊಂಡವರಿಗಷ್ಟೇ ಕಳೆಯುವ ಭಯ. ಏಕಾಂತಪ್ಪ ತಮ್ಮ ಲಿಂಗಕ್ಕೆ ಬಂಗಾರದ ಕರಡಿಗೆ ಮಾಡಿಸಿ, ಕಳ್ಳಕಾಕರ ಕಾಲ ಎಂದು ಅದನ್ನು ಬ್ಯಾಂಕಿನ ಲಾಕರಿನಲ್ಲಿಟ್ಟಿದ್ದಾರೆ. ಒಳಗಿನ ದೇವರೂ ಬಂಗಾರದ ಜೊತೆ ಲಾಕರಿನಲ್ಲೇ ಇದ್ದಾನೆ. ಇದು ಜಗದಾಂಬಾಳಿಗೆ ಗೊತ್ತು. ಅವತ್ತು ಅವಳು ಅದನ್ನು ಎತ್ತಲಿಲ್ಲ. ಅವಳ ಮರ್ಯಾದೆ ಅವಳಿಗಿರಲಿ, ನನಗೆ ಅಂಥ ದಾಕ್ಷಿಣ್ಯವಿಲ್ಲ.

"ಜಾಸ್ತಿ ಏನಿಲ್ಲ," ಎಂದರು ಏಕಾಂತಪ್ಪ. "ಇವರೆಲ್ಲರ ಮುಂದೆ ಒಂದು ಮಾತು ಹೇಳು. ನಾನು ಹಂಗೆ ತಿರುಗಾಡಕ್ಕೆ ಹೋಗಿದ್ದೇ ತಪ್ಪು, ಇನ್ನು ಹೋಗಲ್ಲ ಅಂತ. ನಾಳೇನೇ ಧಾರಣೆ ಮಾಡಿಸ್ತೀನಿ, ಖರ್ಚೂ ನಂದೇ."

"ಕಳ್ಕೊಂಡಿದ್ದು ತಪ್ಪು ಭಾವ. ಅದಕ್ಕೇನು ಮಾಡು ಅಂತೀರೋ ಮಾಡ್ತೀನಿ. ಹೋಗಿದ್ದು ತಪ್ಪು ಅನ್ನಲ್ಲ."

"ಯಾಕೆ ಅನ್ನಲ್ಲ?"

"ಸುಳ್ಳಾಗುತ್ತೆ. ನಂಗೆ ಅಲ್ಲಿ ಬಾಳ ಚೆನ್ನಾಗಿತ್ತು. ಸುಳ್ಳು ಹೇಳಿ ಲಿಂಗ ಕಟ್ಕೊಂಡ್ರೆ ನಾಳೆ ಅದನ್ನ ಕೈಯಲ್ಲಿಟ್ಕೊಂಡು ಏನಂತ ನೋಡ್ಲಿ?"

ಅಯ್ಯನವರು ಕೆಮ್ಮಿದರು. "ಮಾತಿಗೊಂದು ಮಾತು ಬೇಡವ್ವ. ಹಿರೇರು ಹೇಳಿದಂಗೆ ಅಂದುಬಿಡು, ಮುಗೀತು."

"ನೀವೇ ಹೇಳಿ ಅಯ್ಯನೋರೆ. ಸುಳ್ಳು ಹೇಳಿ ಕಟ್ಕೊ ಅಂತ ನಿಮ್ಮ ಬಾಯಲ್ಲಿ ಹೇಳಿ, ಅಂತೀನಿ."

ಅಯ್ಯನವರು ಸೀಲಿಂಗ್ ಫ್ಯಾನು ನೋಡಿದರು.

"ಸೊಕ್ಕು ನೋಡ್ರಿ ಇವಳ್ದು!" ಏಕಾಂತಪ್ಪ ಎದ್ದು ನಿಂತರು. "ಹಂಗಾದ್ರೆ ಉಪಾಸ ಇರು. ಹೊಟ್ಟೆ ಸುಟ್ಟಾಗ ಬಾಯಿ ತಾನೇ ಬಿಡ್ತೀಯ."

ಆಗ ಒಳಗಿನ ಕುರ್ಚಿಯಿಂದ ಓಂಕಾರಪ್ಪ ಹೇಳಿದ, "ಅಣ್ಣ, ಗಂಟು ಹಾಕಿದ್ದು ನಾನು."

ದಾರದ ವಿಷಯ, ವಾರ್ನಿಷ್ ವಿಷಯ ಎಲ್ಲ ಹೇಳಿದ. ತೊದಲುತ್ತಲೇ ಹೇಳಿದ. ಹೊಸ್ತಿಲಾಚೆ ಜಗದಾಂಬಾ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು. ಅಣ್ಣ ಹುರಿದು ಮುಕ್ಕುತ್ತಾನೆ ಎಂದು ಅವಳು ಹೆದರಿದ್ದು ಸುಮ್ಮನೆ. ಏಕಾಂತಪ್ಪ ಸಿಟ್ಟಾಗಲೇ ಇಲ್ಲ. ತಮ್ಮನ ಭುಜ ತಟ್ಟಿ, "ನಿಂದೇನಿದೆ ಬಿಡೋ ಮಾರಾಯ, ಗೊತ್ತಿಲ್ದೆ ಆಗಿದ್ದು. ನೀನು ಕೂತ್ಕೋ. ಅವಳು ಹೇಳ್ಲಿ" ಎಂದರು. ಸೋಫಾದ ಮೇಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಗಂಟು ಸಡಿಲವಾಗಿದ್ದೇ ಅಪರಾಧವಾಗಿದ್ದರೆ ಅಪರಾಧಿ ತಾನಾಗಿ ಎದ್ದು ನಿಂತಿದ್ದ. ಅವನಿಗೆ ಒಂದು ಬೈಗುಳವೂ ಬೀಳಲಿಲ್ಲ. ಅವರಿಗೆ ಕಳೆದ ಲಿಂಗದ ಚಿಂತೆಯೇ ಇರಲಿಲ್ಲ. ಐವತ್ತು ದಾಟಿದ ಹೆಂಗಸೊಬ್ಬಳು ಯಾರಿಗೂ ಏನನ್ನೂ ಬೇಡದೆ ನೀರಲ್ಲಿ ಕೂತು ನಕ್ಕಳಲ್ಲ, ಆ ನಗು ಅವರಿಗೆ ವಾಪಸ್ಸು ಬೇಕಿತ್ತು.

ಅಣ್ಣ ಬಿಡೋ ಎಂದದ್ದನ್ನೇ ಓಂಕಾರಪ್ಪನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬಹುಶಃ ತಲೆ ತಗ್ಗಿಸಿ ಕೂತಿರುತ್ತಿದ್ದ. ಎದ್ದು ಹೊಸ್ತಿಲು ದಾಟಿ ಬಂದು, "ಏಳೇ, ಹೋಗಣ" ಎಂದ.

"ಎಲ್ಲಿಗೋ?" ಏಕಾಂತಪ್ಪ ಗುಡುಗಿದರು. "ಈ ಬಾಗಿಲು ದಾಟಿದ್ರೆ ನಮ್ಮ ಅಯ್ಯನೋರು ಕೊಡಲ್ಲ, ತಿಳ್ಕೊ!"

"ಬ್ಯಾರೆ ಅಯ್ಯನೋರು ಇದಾರೆ ಬಿಡಣ್ಣ," ಎಂದ ಓಂಕಾರಪ್ಪ. ಹುಟ್ಟಿದಾಗಿನಿಂದ ಅಣ್ಣನಿಗೆ ಅವನು ಕೊಟ್ಟ ಮೊದಲ ಎದುರುತ್ತರ ಇದೇ ಇರಬೇಕು.

ಬೈಕಿನಲ್ಲಿ ಅವಳು ಅವನ ಬೆನ್ನಿಗೆ ಒರಗಿಯೇ ಕೂತಿದ್ದಳು, ನೆಟ್ಟಗೆ ಕೂರುವ ತ್ರಾಣವಿರಲಿಲ್ಲ. ಚನ್ನಗಿರಿ ದಾರಿಯಲ್ಲಿ ಅವಳ ತವರಿನ ಕಡೆ ಒಂದು ಸಣ್ಣ ಮಠ. ಹೆಂಚಿನ ಮನೆ, ಮುಂದೆ ಎರಡು ಎಮ್ಮೆ. ಅಲ್ಲಿನ ಮುದುಕ ಅಯ್ಯನವರು ಸಿಡುಕ. ಬಾಗಿಲಲ್ಲೇ ನಿಲ್ಲಿಸಿ, "ಏನಾಗಿತ್ತು ಕೈಗೆ, ಹಿಡ್ಕೊಳ್ಳಕ್ಕೆ ಬರ್ತಿರಲಿಲ್ವಾ?" ಎಂದು ಬೈದರು. ದಾರದ ಕಥೆ ಕೇಳಿ ಓಂಕಾರಪ್ಪನಿಗೆ ಅವಳಿಗಿಂತ ಜಾಸ್ತಿ ಬೈದರು. "ನೀನೇನು ಹೆಂಡ್ತಿ ಅಂದ್ಕೊಂಡ್ಯೋ, ಮೋಟ್ರು ಅಂದ್ಕೊಂಡ್ಯೋ?" ಎಂದರು. ಬೈದು ಮುಗಿದ ಮೇಲೆ, "ಉಂಡು ಎಷ್ಟು ದಿನ ಆತವ್ವ?" ಎಂದು ಕೇಳಿದರು. ಅವಳು ಹೇಳಿದಳು. ಮುದುಕರು ಬೇರೇನೂ ಕೇಳಲಿಲ್ಲ. ಬಾವಿಕಟ್ಟೆ ತೋರಿಸಿ, "ಮಿಂದು ಬಾ, ಬೇಗ" ಎಂದರು.

ವಿಭೂತಿ ಇಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಹತ್ತಿಯ ದಾರದಲ್ಲಿ ಕೊರಳಿಗೆ ಕಟ್ಟಿದರು. ಅಲ್ಲೇ ಅಂಗೈಯಲ್ಲಿಟ್ಟುಕೊಂಡು ಅವಳು ಪೂಜೆ ಮಾಡಿದಳು. ಕಣ್ಣು ತೆಗೆಯಲು ಎಷ್ಟು ತಡಮಾಡಿದಳೆಂದರೆ, "ಸಾಕೇಳವ್ವ, ಅನ್ನ ಆರ್ತದೆ" ಎಂದು ಮುದುಕರೇ ಎಬ್ಬಿಸಬೇಕಾಯಿತು.

ಮಠದ ಪಡಸಾಲೆಯಲ್ಲಿ ಎಲೆ ಹಾಕಿದರು. ಬಿಸಿ ಅನ್ನ, ಹುರುಳಿಕಾಳಿನ ಸಾರು. ಅವಳು ಮೊದಲ ತುತ್ತು ಬಾಯಿಗಿಡುವಾಗ ಓಂಕಾರಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ. ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು. ಅದ್ಯಾವನೋ ಎಮ್ಮೆ ಕಾಯೋ ಅಯ್ಯ ಕಟ್ಟಿದ್ದು ನಮ್ಮ ಮನೆತನಕ್ಕೆ ನಡೆಯಲ್ಲ, ಅವಳನ್ನ ಯಾವ ಕಾರ್ಯಕ್ಕೂ ಕರೆಯಲ್ಲ ಎಂದು ಕೂಗುತ್ತಿದ್ದುದು ಪಡಸಾಲೆಗೆಲ್ಲ ಕೇಳಿಸುತ್ತಿತ್ತು. ಓಂಕಾರಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡಿದ್ದ. ಜಗದಾಂಬಾ ಎಡಗೈ ಚಾಚಿ ಫೋನು ಇಸಿದುಕೊಂಡಳು.

"ಉಣ್ತಾ ಇದೀನಿ ಭಾವ," ಎಂದಳು.

ಫೋನನ್ನು ನೆಲದ ಮೇಲೆ ಬೋರಲು ಹಾಕಿ, ಸಾರಿನ ಪಾತ್ರೆ ಹಿಡಿದು ನಿಂತಿದ್ದ ಮುದುಕರ ಕಡೆ ಎಲೆ ಸರಿಸಿದಳು. ಕೆಳಗಿನಿಂದ ಏಕಾಂತಪ್ಪನ ದನಿ ಇನ್ನೂ ಬರುತ್ತಲೇ ಇತ್ತು. ಅವಳು ಅನ್ನ ಕಲಸಿಕೊಂಡಳು.